ಪಾದೋದಕದ ಬಟ್ಟಲಿಗೆ ಹಾಕಿದ ಗುಳಿಗೆ

ನನ್ನ ಹೆಂಡತಿ ಬೆಳಗ್ಗೆ ಎದ್ದ ಮೇಲೆ ಲಿಂಗಪೂಜೆ ಮುಗಿಯುವವರೆಗೆ ಬಾಯಿಗೆ ಒಂದು ಹನಿ ನೀರನ್ನೂ ಹಾಕುವುದಿಲ್ಲ. ಮದುವೆಯಾಗಿ ಶಹಾಪುರದ ನಮ್ಮ ಮನೆಗೆ ಬಂದಾಗಿನಿಂದ ನೋಡುತ್ತ ಬಂದಿದ್ದೇನೆ. ಬಸುರಿಯಿದ್ದಾಗಲೂ ಅಷ್ಟೇ, ಜ್ವರ ಬಂದು ಮೈ ಸುಡುತ್ತಿದ್ದಾಗಲೂ ಅಷ್ಟೇ. ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿಕೊಂಡು, ಕೊರಳಲ್ಲಿರುವ ಬೆಳ್ಳಿಯ ಕರಡಿಗೆಯಿಂದ ಲಿಂಗ ತೆಗೆದು ಎಡ ಅಂಗೈ ಮೇಲೆ ಇಟ್ಟುಕೊಳ್ಳುತ್ತಾಳೆ. ಅದರ ಮೇಲೆ ನೀರು ಎರೆದು, ವಿಭೂತಿ ಧರಿಸಿ, ಒಂದು ಪತ್ರಿ ಏರಿಸಿ, ಕಣ್ಣಿಟ್ಟು ನೋಡುತ್ತ ಕೂಡುತ್ತಾಳೆ. ಎರೆದ ನೀರು ಕೆಳಗಿನ ಸಣ್ಣ ಬಟ್ಟಲಿಗೆ ಬೀಳುತ್ತದೆ. ಅದೇ ಪಾದೋದಕ. ಅದನ್ನು ಕುಡಿದ ಮೇಲೆಯೇ ಅವಳ ದಿನ ಶುರುವಾಗುವುದು.

ಆ ಬಟ್ಟಲಿಗೆ ನಾನು ಕೆಲವು ತಿಂಗಳು ಅವಳಿಗೆ ತಿಳಿಯದಂತೆ ಔಷಧ ಹಾಕಿದೆ. ಅವಳ ಒಳ್ಳೆಯದಕ್ಕೇ ಹಾಕಿದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡಿದ್ದೆ. ಅದು ಖರೆ ಅಲ್ಲ.

ನಾನು ಹತ್ತನೇ ತರಗತಿ ಪಾಸಾಗಿ ಇಲ್ಲಿಯ ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಕಾಟಾದ ಮೇಲೆ ಕೆಲಸ ಮಾಡಿದವನು. ಗಾಡಿ ಬಂದರೆ ತೂಗುವುದು, ತೂಕ ಕೂಗಿ ಹೇಳುವುದು. ನಾನು ಕೂಗಿದ್ದನ್ನು ಯಾರೂ ಮತ್ತೆ ತೂಗಿ ನೋಡುತ್ತಿರಲಿಲ್ಲ. ಮನೆಯಲ್ಲೂ ಹಾಗೆಯೇ ನಡೆದುಕೊಂಡು ಬಂತು. ಹೊರಗಿನವರು ಏನು ಕೇಳಿದರೂ, ಪ್ರಶ್ನೆ ಯಾರಿಗೇ ಇರಲಿ, ಉತ್ತರ ನಾನೇ ಕೊಡುತ್ತಿದ್ದೆ. ಈಗ ಮಿಲ್ಲು ಬಿಟ್ಟು ಬಹಳ ವರ್ಷಗಳಾದವು. ಮಗ ಟೈರಿನ ಅಂಗಡಿ ಇಟ್ಟಿದ್ದಾನೆ, ಸೊಸೆ ಪ್ರಾಥಮಿಕ ಶಾಲೆಯಲ್ಲಿ ಕಲಿಸುತ್ತಾಳೆ. ಎಲ್ಲರೂ ಒಂದೇ ಮನೆಯಲ್ಲಿದ್ದೇವೆ.

ಅವಳ ಕಾಯಿಲೆ ಗೊತ್ತಾದದ್ದು ಒಂದು ಬೇಸಿಗೆಯಲ್ಲಿ. ನಾವೆಲ್ಲ ಒದ್ದೆ ಟವೆಲ್ಲು ಹೆಗಲ ಮೇಲೆ ಹಾಕಿಕೊಂಡು ತಿರುಗುವ ದಿನಗಳಲ್ಲಿ ಅವಳು ಕೌದಿ ಹೊದ್ದು ಮಲಗುತ್ತಿದ್ದಳು. ಮುಖ ಬಾತಿತ್ತು, ದನಿ ದಪ್ಪಗಾಗಿತ್ತು. ರೊಟ್ಟಿ ಬಡಿಯುತ್ತ ಬಡಿಯುತ್ತ ನಡುವೆಯೇ ಕೂತಲ್ಲಿ ತೂಕಡಿಸುತ್ತಿದ್ದಳು. ಯಾದಗಿರಿಗೆ ಕರೆದುಕೊಂಡು ಹೋದೆ. ಅಲ್ಲಿಯ ಡಾಕ್ಟರು ಹೆಣ್ಣುಮಗಳು, ನಮ್ಮ ಕಡೆಯವರೇ. ರಕ್ತ ಪರೀಕ್ಷೆ ಮಾಡಿಸಿ ಹೇಳಿದರು.

"ಇದು ಥೈರಾಯ್ಡ್ ಅದರಿ ಅಮ್ಮಾರ. ಕುತ್ತಿಗ್ಯಾಗಿನ ಗ್ರಂಥಿ ಕೆಲಸ ಕಡಿಮಿ ಮಾಡಾಕತ್ತದ. ದಿನಾ ಎದ್ದ ಕೂಡ್ಲೆ ಖಾಲಿ ಹೊಟ್ಟಿಲೆ ಒಂದ್ ಗುಳಿಗಿ ನೀರಾಗ ನುಂಗ್ರಿ. ಮುಂದ ಒಂದ್ ತಾಸು ಚಾ ಇಲ್ಲ, ಹಾಲಿಲ್ಲ, ಏನೂ ಇಲ್ಲ. ತಿಳೀತ್ರ್ಯಾ?"

ಅವಳು ತಲೆಯಾಡಿಸಿದಳು. ಬಸ್ಸು ಭೀಮಾ ಸೇತುವೆ ದಾಟಿದ ಮೇಲೆ ಬಾಯಿ ಬಿಟ್ಟಳು.

"ಪೂಜಿಗಿಂತ ಮುಂಚೆ ನುಂಗಂತಾಳ ಆಕಿ."

"ಔಷಧ ಅದು. ಊಟ ಅಲ್ಲ," ಎಂದೆ.

"ಬಾಯಾಗ ಹೋಗೂದು ಹೋಗೂದ. ಲಿಂಗಕ್ಕ ಬಿಟ್ಟು ನಾ ಏನೂ ನುಂಗಂಗಿಲ್ಲ."

"ಹಂಗಾದ್ರ ಪೂಜಿ ಆದ ಮ್ಯಾಲ ನುಂಗು. ಚಾ ತಡಾ ಮಾಡಿ ಕುಡಿ."

"ಚಾ ತಡಾ ಆದ್ರ ನನ್ನ ತಲಿ ಒಡೀತದ. ಇಷ್ಟು ವರ್ಷ ಆತು, ನಿಮಗ ಗೊತ್ತಿಲ್ಲೇನು?"

ಗೊತ್ತಿತ್ತು. ಪಾದೋದಕ ಕುಡಿದು ಎದ್ದವಳು ಸೀದಾ ಚಹಾದ ಕಡೆಗೇ ಹೋಗುವವಳು. ಹೀಗಾಗಿ ಆ ಗುಳಿಗೆ ಚಹಾದ ಜೊತೆಗೇ ಒಳಗೆ ಹೋಗತೊಡಗಿತು. ಮೊಣಕಾಲಿಗೆಂದು ಇನ್ನೊಬ್ಬ ಡಾಕ್ಟರು ಕೊಟ್ಟಿದ್ದ ಸುಣ್ಣದಂಶದ, ಅಂದರೆ ಕ್ಯಾಲ್ಸಿಯಂ ಗುಳಿಗೆಯನ್ನೂ ಅದೇ ಗುಟುಕಿನಲ್ಲಿ ನುಂಗುತ್ತಿದ್ದಳು. ಎರಡನ್ನೂ ಅವಳ ಕೈಗೆ ಕೊಡುತ್ತಿದ್ದವನು ನಾನೇ. ಅವಳ ಕಣ್ಣಿಗೆ ಪೊರೆ ಬಂದಿತ್ತು, ಗುಳಿಗೆಯ ಗುರುತು ಹತ್ತುತ್ತಿರಲಿಲ್ಲ.

ಎರಡನೇ ಸಲ ಯಾದಗಿರಿಗೆ ಹೋದಾಗ ರಕ್ತದಲ್ಲಿ ಏನೂ ಸುಧಾರಣೆ ಕಾಣಲಿಲ್ಲ. ಡಾಕ್ಟರು ಅವಳನ್ನು ಕೇಳಿದರು, "ಖಾಲಿ ಹೊಟ್ಟಿಲೆ ತಗೊಳ್ಳಾಕತ್ತೀರಿ ಹೌದಿಲ್ರಿ?"

ಅವಳು ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ. "ಹೌದ್ರಿ ಮೇಡಂ. ದಿನಾ ಖಾಲಿ ಹೊಟ್ಟಿಲೆ. ನಾನ ಕೈಯಾರೆ ಕೊಡ್ತೀನಿ."

ಯಾಕೆ ಹಾಗೆ ಹೇಳಿದೆ? ಬಾಗಿಲಲ್ಲಿ ನಾಲ್ಕು ಜನ ಪೇಷಂಟುಗಳು ಕಿವಿಗೊಟ್ಟು ನಿಂತಿದ್ದರು. ಹೆಂಡತಿಗೆ ಒಂದು ಗುಳಿಗೆ ನುಂಗಿಸಲಾರದ ಗಂಡಸು ಎನ್ನಿಸಿಕೊಳ್ಳುವುದು ಬೇಡವಾಗಿತ್ತು. ಪೂಜೆಯ ಮಾತು ತೆಗೆದರೆ ಓದಿದ ಹೆಣ್ಣುಮಗಳು ನಗಬಹುದು ಎಂಬ ಅಂಜಿಕೆಯೂ ಇತ್ತು. ಹೆಂಡತಿ ನನ್ನ ಮುಖ ನೋಡಿದಳು. ಜನರ ಮುಂದೆ ಗಂಡನ ಮಾತನ್ನು ತೆಗೆದುಹಾಕುವ ಪೈಕಿ ಅವಳಲ್ಲ. ಹೊರಗೆ ಬಂದ ಮೇಲೆ ಕೇಳಿದಳು, "ಸುಳ್ಳ ಯಾಕ ಹೇಳಿದ್ರಿ?"

"ಆಕಿ ಏನ್ ಮನಿಗಿ ಬಂದು ನೋಡ್ತಾಳೇನು? ಸುಮ್ಮ ನಡಿ."

ಡಾಕ್ಟರು ಗುಳಿಗೆಯ ಶಕ್ತಿ ಹೆಚ್ಚಿಸಿದರು. ಮುಂದಿನ ಸಲ ಇನ್ನಷ್ಟು. ಐವತ್ತು ಮೈಕ್ರೋಗ್ರಾಮಿನಿಂದ ಶುರುವಾದದ್ದು ನೂರೈವತ್ತಕ್ಕೆ ಬಂದು ನಿಂತಿತು. ಪ್ರತಿ ಸಲವೂ ಅದೇ ಪ್ರಶ್ನೆ ಕೇಳಿದರು, ಪ್ರತಿ ಸಲವೂ ನಾನು ಅದೇ ಉತ್ತರ ಕೊಟ್ಟೆ. ಕೊನೆಗೊಮ್ಮೆ ರಿಪೋರ್ಟು ಹಿಡಿದುಕೊಂಡು ಹುಬ್ಬು ಗಂಟಿಕ್ಕಿದರು.

"ಇಷ್ಟ್ ಕೊಟ್ರೂ ಯಾಕ ಹತ್ತವಲ್ದು? ಇನ್ನೊಮ್ಮಿ ನೋಡ್ತೀನಿ. ಆಗೂ ಹಿಂಗ ಇದ್ರ ಕಲಬುರ್ಗಿಗೆ ದೊಡ್ಡ ಡಾಕ್ಟ್ರ ಕಡೆ ಕಳಸ್ತೀನ್ರಿ. ಅವರು ಎಲ್ಲಾ ಬುಡದಿಂದ ಕೇಳ್ತಾರ." ಆಮೇಲೆ ನನ್ನ ಕಡೆ ತಿರುಗಿ ಹೇಳಿದ ಮಾತು ಇವತ್ತಿಗೂ ಕಿವಿಯಲ್ಲಿದೆ. "ಅಜ್ಜಾರ, ಇದು ಈಗ ಭಾಳ ಪವರಿನ ಗುಳಿಗಿ ಆಗ್ಯಾದ. ಎದಿ ಬಡಕೊಂಡ್ರ, ಕೈ ನಡುಗಿದ್ರ, ನಿದ್ದಿ ಹೋದ್ರ ತಡಾ ಮಾಡಬ್ಯಾಡ್ರಿ. ಜಲ್ದಿ ಕರಕೊಂಡ್ ಬರ್ರಿ."

ಅಂದರೆ ಮುಂದೆ ಆದದ್ದು ಯಾವುದೂ ನನಗೆ ಗೊತ್ತಿಲ್ಲದೆ ಆದದ್ದಲ್ಲ. ಗುಳಿಗೆ ಹೆಚ್ಚಾದರೆ ಏನಾಗುತ್ತದೆ ಎಂದು ನನ್ನ ಮುಖಕ್ಕೇ ಹೇಳಿದ್ದರು.

ಕಲಬುರ್ಗಿಯ ಹೆಸರು ಕೇಳಿ ನನಗೆ ಹೆದರಿಕೆ ಹತ್ತಿತು. ಅಲ್ಲಿ ಬುಡದಿಂದ ಕೇಳಿದರೆ ಅವಳು ನಿಜ ಹೇಳಿಬಿಡುತ್ತಾಳೆ. ಇಷ್ಟು ದಿನ ಡಾಕ್ಟರಿಗೆ ಸುಳ್ಳು ಹೇಳಿದ್ದು ಮಗನಿಗೆ, ಸೊಸೆಗೆ, ಎಲ್ಲರಿಗೂ ತಿಳಿಯುತ್ತದೆ. ಆದ್ದರಿಂದ ಹೇಳಿದ ಸುಳ್ಳನ್ನೇ ನಿಜ ಮಾಡಿಬಿಡಬೇಕೆಂದು ಯೋಚಿಸಿದೆ. ಗುಳಿಗೆ ಖಾಲಿ ಹೊಟ್ಟೆಗೆ ಹೋಗಬೇಕು, ಅವಳಿಗೆ ಗೊತ್ತಾಗಬಾರದು. ಖಾಲಿ ಹೊಟ್ಟೆಗೆ ಅವಳು ಸೇವಿಸುವುದು ಜಗತ್ತಿನಲ್ಲಿ ಒಂದೇ ವಸ್ತು.

ಪೂಜೆಗೆ ನೀರು ತಂದಿಡುವುದು, ಪತ್ರಿ ಹರಿದು ತರುವುದು, ಬಟ್ಟಲು ತೊಳೆದು ಮಣೆಯ ಪಕ್ಕ ಇಡುವುದು ಮೊದಲಿನಿಂದಲೂ ನನ್ನ ಕೆಲಸ. ಗುಳಿಗೆಯನ್ನು ಎರಡು ಚಮಚಗಳ ನಡುವೆ ಒತ್ತಿದರೆ ನುಣ್ಣಗೆ ಪುಡಿಯಾಗುತ್ತಿತ್ತು. ಅದನ್ನು ಬಟ್ಟಲಿನ ತಳಕ್ಕೆ ಉದುರಿಸಿ ಇಡುತ್ತಿದ್ದೆ. ಲಿಂಗದ ಮೇಲಿನ ವಿಭೂತಿ ಹೇಗೂ ಬಟ್ಟಲಿಗೆ ಇಳಿಯುತ್ತದೆ. ಬಿಳಿಯಲ್ಲಿ ಬಿಳಿ, ಪೊರೆ ಬಂದ ಕಣ್ಣಿಗೆ ಎಲ್ಲಿ ಕಾಣಬೇಕು. ಚಹಾದ ಜೊತೆ ಕೊಡುವಾಗ ಆ ಗುಳಿಗೆಯ ಬದಲು ಒಂದು ವಿಟಮಿನ್ ಗುಳಿಗೆ ಕೊಟ್ಟೆ.

ಚಹಾ ತಡ ಮಾಡಿಸುವುದೊಂದು ಉಳಿದಿತ್ತು. ಅದಕ್ಕೂ ದಾರಿ ಹುಡುಕಿದೆ. ಮೊದಲು ನಾನು ಪೂಜೆ ಮುಗಿಸುತ್ತಿದ್ದೆ, ಆಮೇಲೆ ಅವಳು. "ಇನ್ನ ಮ್ಯಾಲ ನೀ ಮೊದಲ ಮಾಡ್ಕೋ, ನನಗ ಸಾವಕಾಶ ಕುಂದರಬೇಕು," ಎಂದೆ. ನಾನು ಪೂಜೆಯಿಂದ ಏಳುವವರೆಗೆ ಅವಳು ಚಹಾ ಮುಟ್ಟುವುದಿಲ್ಲ ಎಂದು ನನಗೆ ಗೊತ್ತು. ಅಂಗೈ ಮೇಲೆ ಲಿಂಗ ಇಟ್ಟುಕೊಂಡು, ಕಣ್ಣು ಅರ್ಧ ಮುಚ್ಚಿ, ಗೋಡೆಯ ಗಡಿಯಾರ ನೋಡುತ್ತ ಕೂಡುತ್ತಿದ್ದೆ. ತಲೆನೋವಿನಲ್ಲಿ ಅವಳು ಅಡುಗೆಮನೆಯ ಹೊಸ್ತಿಲ ಮೇಲೆ ಹಣೆ ಒತ್ತಿಕೊಂಡು ಕೂತಿರುತ್ತಿದ್ದಳು. ನನ್ನ ಪೂಜೆ ಕೆಡುತ್ತದೆಂದು ಒಂದು ದಿನವೂ ಕರೆಯಲಿಲ್ಲ.

ಶುರುವಿನಲ್ಲಿ ಎಲ್ಲ ಚೆನ್ನಾಗಿತ್ತು. ಮುಖದ ಬಾವು ಇಳಿಯಿತು. ಕೌದಿ ಪೆಟ್ಟಿಗೆಗೆ ಹೋಯಿತು. ಮಾಳಿಗೆ ಹತ್ತಿ ಮೆಣಸಿನಕಾಯಿ ಹರವಿದಳು, ಡಬ್ಬಿಗಳನ್ನೆಲ್ಲ ಇಳಿಸಿ ತಿಕ್ಕಿದಳು. ಸುರಪುರದಿಂದ ಬಂದ ಅವಳ ತಂಗಿ ನೋಡಿ ಬೆರಗಾದಳು. ಬಾಯಿ ಜೋರಿನ ಹೆಂಗಸು, ನನ್ನನ್ನು ಕಂಡರೆ ಸುಮ್ಮನಿರುವವಳಲ್ಲ.

"ಮಾಮಾ, ಅಕ್ಕಗ ಏನ್ ತಿನಸಾಕತ್ತೀರಿ? ನನಗೂ ಜರಾ ಕೊಡ್ರಿ. ನಮ್ಮನಿಯವರು ನನ್ನ ಎಮ್ಮಿ ಅಂತ ಕರೀತಾರ."

"ನಿನಗ ಕೊಟ್ರೂ ಹತ್ತಂಗಿಲ್ಲ ಬಿಡು," ಎಂದು ನಕ್ಕೆ.

ಹೆಂಡತಿ ಹೆಮ್ಮೆಯಿಂದ ಹೇಳಿದಳು, "ಇವರಿಗೂ ಈಗ ಭಕ್ತಿ ಹತ್ಯಾದ ತಂಗಿ. ತಾಸುಗಟ್ಲೆ ಪೂಜಿಗಿ ಕುಂದರ್ತಾರ."

"ಪೂಜಿ ಮಾಡ್ತಾರೋ ನಿದ್ದಿ ಮಾಡ್ತಾರೋ ಯಾರಿಗ್ಗೊತ್ತು. ಗೊರಕಿ ಬಂದ್ರ ಹೇಳು."

ಮೂವರೂ ನಕ್ಕೆವು. ನನಗೂ ಒಳಗೊಳಗೆ ಖುಷಿಯಾಗಿತ್ತು. ರಿಪೋರ್ಟು ಸರಿ ಬರುತ್ತದೆ, ಡಾಕ್ಟರು ಶಹಬ್ಬಾಸ್ ಎನ್ನುತ್ತಾರೆ, ಇಡೀ ವಿಷಯ ಮುಗಿಯುತ್ತದೆ ಎಂದುಕೊಂಡಿದ್ದೆ. ಆ ನೂರೈವತ್ತರ ಅಳತೆ ನನ್ನ ಸುಳ್ಳಿನ ಮೇಲೆ ನಿಂತದ್ದು ಎಂಬುದು ಹೊಳೆಯಲೇ ಇಲ್ಲ. ಅರ್ಧಕ್ಕರ್ಧ ಚಹಾದಲ್ಲಿ, ಜೊತೆಗೆ ನುಂಗುವ ಆ ಇನ್ನೊಂದು ಗುಳಿಗೆಯಲ್ಲಿ ಕಳೆದುಹೋಗುತ್ತಿದೆ ಎಂದು ತಿಳಿಯದ ಡಾಕ್ಟರು ಏರಿಸುತ್ತ ಹೋಗಿದ್ದರು. ಈಗ ಅದು ಪೂರ್ತಿ ಮೈಗೆ ಹತ್ತತೊಡಗಿತ್ತು.

ಮೊದಲು ನಿದ್ದೆ ಹೋಯಿತು. ಆಮೇಲೆ ಸೆಕೆ. ಚಳಿಗಾಲದಲ್ಲಿ ಸೆರಗಿನಿಂದ ಗಾಳಿ ಹಾಕಿಕೊಳ್ಳತೊಡಗಿದಳು. ದಿನಕ್ಕೆ ಎಷ್ಟೋ ಸಲ ಹೊರಗಡೆಗೆ ಓಡುತ್ತಿದ್ದಳು. ಬಾಚಿದರೆ ಹಣಿಗೆಯ ತುಂಬ ಕೂದಲು. ತೂಕ ಇಳಿಯುತ್ತ ಇಳಿಯುತ್ತ ಬಳೆಗಳು ಮೊಣಕೈವರೆಗೆ ಜಾರುವಂತಾದವು. ಸೊಸೆಯ ಮೇಲೆ ಎಂದೂ ದನಿ ಏರಿಸದವಳು ಸಾರಿಗೆ ಉಪ್ಪು ಕಡಿಮೆಯಾಯಿತೆಂದು ತಾಟು ಸರಿಸಿ ಎದ್ದಳು. ಆಮೇಲೆ ತಾನೇ ಅತ್ತಳು. "ಎದ್ಯಾಗ ಯಾರೋ ಒನಕಿಲೆ ಕುಟ್ಟಿದಂಗ ಆಗ್ತದ್ರಿ," ಎಂದು ನನ್ನ ಕೈಯನ್ನು ಎದೆಯ ಮೇಲೆ ಇಟ್ಟುಕೊಂಡಳು. ಕೈಗೆ ಗೊತ್ತಾಗುವ ಹಾಗೆ ಹೊಡೆದುಕೊಳ್ಳುತ್ತಿತ್ತು.

ಸೊಸೆ ಹೇಳಿದಳು, "ಮಾವಾರ, ಅತ್ತಿನ ಒಮ್ಮಿ ಡಾಕ್ಟ್ರಿಗೆ ತೋರಸ್ರಿ. ಏನೋ ಹೆಚ್ಚುಕಡಿಮಿ ಆಗ್ಯಾದ."

"ಮುಂದ ಟೆಸ್ಟ್ ಅದಲ್ಲ, ಆಗ ತೋರಸೂಣು. ಸುಮ್ಮ ಯಾಕ ಅಡ್ಡಾಡೂದು," ಎಂದೆ.

ಹೋದರೆ ಹೇಳಬೇಕಾಗುತ್ತಿತ್ತು. ಬಟ್ಟಲಿಗೆ ಹಾಕುವುದನ್ನಾದರೂ ನಿಲ್ಲಿಸಬಹುದಿತ್ತು. ನಿಲ್ಲಿಸಿದರೆ ರಕ್ತದಲ್ಲಿ ಮತ್ತೆ ಮೊದಲಿನಂತೆ ಬರುತ್ತದೆ, ಮತ್ತೆ ಕಲಬುರ್ಗಿಯ ಮಾತು ಬರುತ್ತದೆ. ಟೆಸ್ಟ್ ಒಂದು ದಾಟಲಿ ಎಂದು ಪುಡಿ ಹಾಕುತ್ತಲೇ ಹೋದೆ.

ಒಂದು ಬೆಳಗ್ಗೆ ಪೂಜೆಯಲ್ಲಿದ್ದವಳು ನನ್ನನ್ನು ಕೂಗಿದಳು. ಪೂಜೆಯ ನಡುವೆ ಅವಳು ಮಾತಾಡಿದ್ದು ಅದೇ ಮೊದಲು.

"ಇಲ್ಲಿ ನೋಡ್ರಿ. ಲಿಂಗ ನಡುಗಾಕತ್ತದ."

ಹೋಗಿ ನೋಡಿದೆ. ಅಂಗೈ ಮೇಲಿನ ಲಿಂಗ ಸಣ್ಣಗೆ ಅದುರುತ್ತಿತ್ತು. ಅದರ ಮೇಲಿನ ಪತ್ರಿ ಗಾಳಿಗೆ ಸಿಕ್ಕಂತೆ ಮಿಸುಕುತ್ತಿತ್ತು. ಗಾಳಿ ಇರಲಿಲ್ಲ.

"ಕೈ ನಡುಗಾಕತ್ತದ. ಲಿಂಗ ಅಲ್ಲ," ಎಂದೆ.

"ಇದೇ ಕೈ ರೊಟ್ಟಿ ಬಡೀವಾಗ ನಡುಗಂಗಿಲ್ಲ. ಇದಕ್ಕ ಕುಂತಾಗ ಯಾಕ ನಡುಗ್ತದ? ನನ್ನ ಕೈಮ್ಯಾಲ ಕುಂದರಾಕ ಅದಕ್ಕ ಮನಸ್ಸಿಲ್ಲ."

ಅವಳ ಮುಖ ನೋಡಲಾಗಲಿಲ್ಲ. ಅವಳ ಕೈಯ ಕೆಳಗೇ ಬಟ್ಟಲಿತ್ತು. ಆ ಹೊತ್ತಿಗೆ ಹೇಳಬಹುದಾಗಿತ್ತು. "ವಯಸ್ಸಾತಲ್ಲ, ನಡುಗ್ತದ," ಎಂದು ಹೇಳಿ ಪತ್ರಿ ತರುವ ನೆವದಲ್ಲಿ ಅಂಗಳಕ್ಕೆ ಇಳಿದೆ.

ಆ ದಿನದಿಂದ ಅವಳು ತನ್ನ ತಪ್ಪನ್ನು ಹುಡುಕತೊಡಗಿದಳು. ಯಾರ ಮನಸ್ಸು ನೋಯಿಸಿದ್ದೇನೆ, ಯಾರಿಗೆ ಇಲ್ಲವೆಂದಿದ್ದೇನೆ ಎಂದು ದಿನವಿಡೀ ಅದೇ ಚಿಂತೆ. ಒಂದು ಮಧ್ಯಾಹ್ನ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತ ಕೂತವಳು ತಲೆ ಎತ್ತದೆ ಹೇಳಿದಳು. ಮುಂದಿನ ಮಾತು ಅವಳದು. ಬರೆಯಲೋ ಬೇಡವೋ ಎಂದು ಕೇಳಿದ್ದೇನೆ. "ನಿಮ್ದು ಬರದ್ರ ನಂದೂ ಬರೀರಿ. ಹೆಸರು ಮಾತ್ರ ಯಾರ್ದೂ ಹಾಕಬ್ಯಾಡ್ರಿ," ಎಂದಿದ್ದಾಳೆ.

"ನಿಮ್ಮವ್ವ ಹಾಸಿಗಿ ಹಿಡದಿದ್ಲಲ್ಲ. ಸಂಜಿ ಆದ ಮ್ಯಾಲ ನಾ ಆಕಿಗೆ ನೀರ ಕೊಡ್ತಿರಲಿಲ್ರಿ. ರಾತ್ರಿ ಹಾಸಿಗಿ ತೊಯ್ಸ್ತಾಳ, ನಾನ ತೊಳೀಬೇಕಾಗ್ತದ ಅಂತ. ನೀರು ನೀರು ಅಂತಿದ್ಲು. ನಾ ಕೇಳಿಸಿಲ್ಲದವರಂಗ ಅಡಗಿಮನ್ಯಾಗ ಇರ್ತಿದ್ನಿ. ಅದಕ್ಕ ಈಗ ಹಿಂಗ ಆಗಾಕತ್ತದ."

 ಅಕ್ಕಿಯಲ್ಲಿನ ಹರಳು ತೆಗೆದು ತೆಗೆದು ಎಸೆದಳು. ನನಗೆ ಸಿಟ್ಟು ಬಂದಿತ್ತು. ಅದು ಬರಬಾರದ ಸಿಟ್ಟು. ನಮ್ಮವ್ವನಿಗೆ ನೀರು ಕೊಡದವಳು, ನಡುಗಲಿ ಸ್ವಲ್ಪ ದಿನ ಎಂದು ಮನಸ್ಸು ಅಂದಿತು. ಅವಳ ತಪ್ಪು ಸಿಕ್ಕಿತು, ಇನ್ನು ನನ್ನದನ್ನು ಹೇಳುವ ಅವಸರವಿಲ್ಲ ಎನ್ನಿಸಿತು. ಇಷ್ಟೂ ನೆನಪಿನಲ್ಲಿ ನನಗೆ ಹೆಚ್ಚು ನಾಚಿಕೆ ತರುವುದು ಇದೇ. ಆ ನಡುಕ ನಾನು ಕೊಟ್ಟದ್ದು. ಆ ನಡುಕಕ್ಕೆ ಹೆದರಿ ಅವಳು ಎಷ್ಟೋ ವರ್ಷ ಒಳಗೆ ಮುಚ್ಚಿಟ್ಟಿದ್ದನ್ನು ನನ್ನ ಮುಂದೆ ಇಟ್ಟಳು. ನಾನು ಅದನ್ನು ತೆಗೆದುಕೊಂಡು ಜೇಬಿಗೆ ಹಾಕಿಕೊಂಡೆ.

ಅವಳ ತಂಗಿಗೆ ಫೋನಿನಲ್ಲಿ ನಡುಕದ ಸುದ್ದಿ ತಿಳಿಯಿತು. "ಅಕ್ಕನ ಕರಕೊಂಡ್ ಬರ್ರಿ ಮಾಮಾ. ತಿಂಥಣಿಗೆ ಹೋಗಿ ಮೌನೇಶಪ್ಪಗ ಕಾಯಿ ಒಡಸ್ಕೊಂಡ್ ಬರೂಣು," ಎಂದಳು. ಹೊರಟೆವು. ಸುರಪುರದ ಅವಳ ಮನೆಯಲ್ಲಿ ಉಳಿದೆವು. ಜೇಬಿನಲ್ಲಿ ಕಾಗದದ ಸಣ್ಣ ಪೊಟ್ಟಣಗಳನ್ನು ಮಡಚಿ ಇಟ್ಟುಕೊಂಡಿದ್ದೆ. ದೇವರ ಹತ್ತಿರ ಹೋಗುವಾಗಲೂ ಅವನ್ನು ಬಿಡಲಿಲ್ಲ.

ಬೆಳಗ್ಗೆ ಮೊದಲ ಬಸ್ಸಿಗೆ ತಿಂಥಣಿಗೆ ಹೋದೆವು. ಕೃಷ್ಣೆಯಲ್ಲಿ ನೀರು ಚೆನ್ನಾಗಿತ್ತು. ಅವಳು ಮಿಂದು ಬಂದು, ಮೆಟ್ಟಿಲ ಮೇಲೆ ಒದ್ದೆ ಸೀರೆಯಲ್ಲೇ ಪೂಜೆಗೆ ಕೂತಳು. ಹೊಳೆಯ ನೀರನ್ನೇ ತಂಬಿಗೆಯಲ್ಲಿ ತಂದುಕೊಟ್ಟೆ. ಬಟ್ಟಲು ಇಡುವಾಗ ಒಂದು ಗಳಿಗೆ ಕೈ ನಿಂತಿತು. ಎದುರಿಗೆ ಹೊಳೆ, ಹಿಂದೆ ಗುಡಿ. ಆದರೂ ಪೊಟ್ಟಣ ಬಿಚ್ಚಿದೆ.

ಅವಳು ಲಿಂಗ ತೆಗೆದು ಅಂಗೈ ಮೇಲೆ ಇಟ್ಟುಕೊಂಡಳು. ಕೈ ಅದುರಿತು. ಇನ್ನೊಂದು ಕೈಯಿಂದ ಮಣಿಕಟ್ಟು ಹಿಡಿದುಕೊಂಡಳು. ಆ ಕೈಯೂ ಅದುರಿತು. ಲಿಂಗ ಜಾರಿ ಮೆಟ್ಟಿಲ ಕಲ್ಲಿಗೆ ಬಿದ್ದು, ಉರುಳಿ, ಕೆಳಗಿನ ಮೆಟ್ಟಿಲಿಗೆ ಹೋಯಿತು. ಇನ್ನೊಂದು ಮೆಟ್ಟಿಲು ದಾಟಿದ್ದರೆ ಹೊಳೆ. ತಂಗಿ ಬಗ್ಗಿ ಗಪ್ಪನೆ ಹಿಡಿದಳು.

ಕೊರಳಿನ ಲಿಂಗ ನೆಲಕ್ಕೆ ಬೀಳುವುದೆಂದರೆ ನಮ್ಮವರಲ್ಲಿ ಏನೆಂದು ಬಿಡಿಸಿ ಹೇಳಲಾರೆ. ಜೀವಕ್ಕಿಂತ ಹೆಚ್ಚೆಂದು ಕಟ್ಟಿಕೊಂಡದ್ದು ಅದು. ಹೆಂಡತಿ ಅಳಲಿಲ್ಲ. ತಂಗಿಯ ಕೈಯಿಂದ ಲಿಂಗ ತೆಗೆದುಕೊಂಡು, ತೊಳೆಯದೆ, ನೋಡದೆ, ಕರಡಿಗೆಯೊಳಗೆ ಇಟ್ಟು ಮುಚ್ಚಿದಳು. ಬಟ್ಟಲು ಅಲ್ಲೇ ಉಳಿಯಿತು.

ಸುರಪುರಕ್ಕೆ ಮರಳಿದ ಮೇಲೆ ತಂಗಿ ತಾಟು ಹಚ್ಚಿಕೊಟ್ಟಳು. ಮುಟ್ಟಲಿಲ್ಲ.

"ಒಂದ್ ರೊಟ್ಟಿ ತಿನ್ನಕ್ಕ. ಬಿಸಿ ಅದಾವ. ಪುಂಡಿಪಲ್ಯ ನಿನಗಂತ ಮಾಡೀನಿ."

"ಪೂಜಿ ಇಲ್ಲದ ಊಟ ಇಲ್ಲ."

"ಹಂಗಾದ್ರ ಪೂಜಿ ಮಾಡು."

"ಅದಕ್ಕ ಒಲ್ಲದ ಕೈ ನಂದು. ಎದರ ಮ್ಯಾಲ ಮಾಡ್ಲಿ?"

ಆ ದಿನ ಹಾಗೆಯೇ ಕಳೆಯಿತು. ಮರುದಿನವೂ ನೀರಿಲ್ಲ, ಚಹಾ ಇಲ್ಲ. ಬಚ್ಚಲಿನಿಂದ ಬರುವಾಗ ಅಂಗಳದಲ್ಲಿ ಗೋಡೆ ಹಿಡಿದು ಹಾಗೇ ಕುಸಿದಳು. ತುಟಿ ಬಿಳಚಿಕೊಂಡಿತ್ತು. ಎದೆಗೆ ಕಿವಿಯಿಟ್ಟ ತಂಗಿ, "ಮಾಮಾ, ಇದು ಬಡಿಯೂದು ತಾಳ ತಪ್ಪ್ಯಾದ," ಎಂದಳು. ಅವಳ ಗಂಡನ ಗಾಡಿಯಲ್ಲಿ ಯಾದಗಿರಿಗೆ ಒಯ್ದೆವು. ದಾರಿಯುದ್ದಕ್ಕೂ ಹೆಂಡತಿಯ ತಲೆ ನನ್ನ ತೊಡೆಯ ಮೇಲಿತ್ತು. ಶಹಾಪುರ ದಾಟುವಾಗ ನಮ್ಮ ಓಣಿಯ ತಿರುವು ಬಂತು, ಹೋಯಿತು.

ಡಾಕ್ಟರು ಎದೆಯ ಇಸಿಜಿ ಪಟ್ಟಿ ತೆಗೆಸಿ ನೋಡಿದರು. ಕೈ ಮುಂದೆ ಚಾಚಿಸಿ ಬೆರಳು ನೋಡಿದರು. ಆಮೇಲೆ ನನ್ನೊಬ್ಬನನ್ನೇ ಒಳಗೆ ಕರೆದರು.

"ಅಜ್ಜಾರ, ಇದು ಗುಳಿಗಿ ಹೆಚ್ಚಾಗಿ ಆಗಿದ್ದು. ಖರೆ ಹೇಳ್ರಿ. ಏನ್ ಕೊಡಾಕತ್ತಿದ್ರಿ, ಹೆಂಗ ಕೊಡಾಕತ್ತಿದ್ರಿ?"

ಹೇಳಿದೆ. ಚಹಾದಿಂದ ಹಿಡಿದು ಬಟ್ಟಲಿನವರೆಗೆ ಎಲ್ಲವನ್ನೂ ಹೇಳಿದೆ. ಅವರು ಪೆನ್ನು ಕೆಳಗಿಟ್ಟು ಕೇಳುತ್ತ ಕೂತರು. ಬೈಯುತ್ತಾರೆ ಎಂದುಕೊಂಡಿದ್ದೆ.

"ನಮ್ಮವ್ವನೂ ಪೂಜಿ ಮುಂಚೆ ಏನೂ ಮುಟ್ಟಂಗಿಲ್ರಿ," ಎಂದರು. "ಮೊದಲ್ನೇ ದಿನಾನೇ ಹೇಳಿದ್ರ ರಾತ್ರಿ ತಗೊಳ್ರಿ ಅಂತಿದ್ದೆ. ಊಟ ಮಾಡಿ ಮೂರ್ ತಾಸು ಬಿಟ್ಟು, ಮಲಗೂ ಮುಂದ. ಅಷ್ಟ ಇತ್ತು."

ಅಷ್ಟೇ ಇತ್ತು. ಒಂದು ಮಾತಿನಲ್ಲಿ ಮುಗಿಯುತ್ತಿತ್ತು.

ಅವಳನ್ನು ಅಲ್ಲೇ ಇರಿಸಿಕೊಂಡರು. ಸಲೈನ್ ಹಚ್ಚಿದರು. ಗುಳಿಗೆ ಕೆಲವು ದಿನ ಪೂರ್ತಿ ನಿಲ್ಲಿಸಿ ಆಮೇಲೆ ಸಣ್ಣ ಅಳತೆಯಿಂದ ಮತ್ತೆ ಶುರು ಮಾಡುವುದಾಗಿ ಹೇಳಿದರು. ಎದೆಯ ಬಡಿತಕ್ಕೆ ಬೇರೆ ಔಷಧ, ರಕ್ತ ಹೆಪ್ಪುಗಟ್ಟದಂತೆ ಇನ್ನೊಂದು. ಆ ತಾಳ ತಪ್ಪಿದ್ದು ಪೂರ್ತಿ ಸರಿಹೋಗಲೂಬಹುದು, ಹೋಗದೆಯೂ ಇರಬಹುದು ಎಂದರು. ಪೂರ್ತಿ ಹೋಗಿಲ್ಲ. ಆ ಔಷಧಗಳು ಇವತ್ತಿಗೂ ನಡೆದಿವೆ.

ಅವಳಿಗೆ ಎಚ್ಚರ ಚೆನ್ನಾಗಿ ಮರಳಿದ ದಿನ ತಂಗಿಯನ್ನು ಹೊರಗೆ ಕೂಡಿಸಿ, ಮಂಚದ ಪಕ್ಕ ನಿಂತು ಹೇಳಿದೆ. ನಿನ್ನ ಕೈಯ ತಪ್ಪಲ್ಲ, ಲಿಂಗದ ಸಿಟ್ಟೂ ಅಲ್ಲ, ನಾನು ಬಟ್ಟಲಿಗೆ ಗುಳಿಗೆ ಹಾಕುತ್ತಿದ್ದೆ ಎಂದೆ. ಕೊರಳಿನ ಕರಡಿಗೆಯನ್ನು ಮುಟ್ಟಿ ನೋಡಿಕೊಂಡಳು. ಆಮೇಲೆ ಕೇಳಿದಳು.

"ಮ್ಯಾಲ ಎರಿಯೂ ನೀರಾಗ ಹಾಕಿದ್ರ್ಯಾ, ಕೆಳಗಿನ ಬಟ್ಲಾಗ ಹಾಕಿದ್ರ್ಯಾ?"

"ಕೆಳಗಿನ ಬಟ್ಲಾಗ."

"ಲಿಂಗಕ್ಕ ಹತ್ತಿಲ್ಲ?"

"ಇಲ್ಲ."

ಉಸಿರು ಬಿಟ್ಟಳು. ಅಷ್ಟು ಕೇಳಿ ಸಮಾಧಾನವಾಯಿತೆಂದು ನಾನು ಅಂದುಕೊಂಡೆ.

"ತಾಸುಗಟ್ಲೆ ಕುಂದರ್ತಿದ್ರಿ. ಅದು?"

"ಚಾ ತಡಾ ಆಗ್ಲಿ ಅಂತ."

"ನಾ ಹೊಸ್ತಿಲ ಮ್ಯಾಲ ತಲಿ ಹಿಡಕೊಂಡು ಕುಂತಿದ್ದು ಕಾಣ್ತಿತ್ತು?"

"ಕಾಣ್ತಿತ್ತು."

ಮುಖ ಗೋಡೆಗೆ ತಿರುಗಿಸಿಕೊಂಡಳು. "ನಿಮ್ಮವ್ವನ ಮಾತು ನನ್ನ ಜೋಡಿನೇ ಮಣ್ಣಿಗಿ ಹೋಗೂದಿತ್ತು. ಅದನ್ನ ನನ್ನ ಬಾಯಿಂದ ತಗಸಿದ್ರಿ. ಹೇಳಿದಾಗ ಸುಮ್ಮ ಕುಂತು ಕೇಳಿದ್ರಿ."

ಆಗ ನನಗೆ ಇನ್ನೊಂದು ನೆನಪಾಯಿತು, ಅದನ್ನೂ ಹೇಳಿದೆ. ಅವ್ವ ನೀರು ನೀರು ಎನ್ನುವುದು ಕಟ್ಟೆಯ ಮೇಲೆ ಕೂತ ನನಗೂ ಕೇಳುತ್ತಿತ್ತು. ಹೆಂಡತಿ ಒಳಗಿದ್ದಾಳಲ್ಲ ಎಂದು ನಾನು ಏಳುತ್ತಿರಲಿಲ್ಲ. ಅಡುಗೆಮನೆಯಿಂದ ನೀರಿನ ಕೊಡ ಎಷ್ಟು ದೂರವೋ ಕಟ್ಟೆಯಿಂದಲೂ ಅಷ್ಟೇ ದೂರವಿತ್ತು. 

ಮನೆಗೆ ಬಂದ ಮೇಲೆ ವನದುರ್ಗದ ಕಡೆಯಿಂದ ಅವಳಿಗೆ ದೀಕ್ಷೆ ಕೊಟ್ಟ ಮನೆತನದ ಅಯ್ಯನವರನ್ನು ಕರೆಸಿದೆವು. ವಯಸ್ಸಾದವರು. ಲಿಂಗವನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿ, ಎಲ್ಲಿಯೂ ಬಿರುಕಿಲ್ಲ ಎಂದರು. ತೊಳೆದು, ಮಂತ್ರ ಹೇಳಿ, ಅವಳ ಕೈಗೆ ಕೊಡಲು ಹೋದರು. ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು.

"ಇನ್ನೂ ನಡುಗ್ತದ್ರಿ ಅಯ್ಯಾರ."

"ನಡುಗಲಿ ತಾಯಿ. ಕೆಳಗ ಇನ್ನೊಬ್ಬರ ಕೈ ಇಟ್ಕೋ. ಲಿಂಗ ಇರೂದು ನಿನ್ನ ಅಂಗೈ ಮ್ಯಾಲ ಹೌದಿಲ್ಲೊ? ಮುಗೀತು."

ನಾನು ಅವರನ್ನು ಬಾಗಿಲವರೆಗೆ ಕಳಿಸಲು ಹೋದಾಗ ಎಲ್ಲ ಹೇಳಿ, ನನಗೇನಾದರೂ ಪ್ರಾಯಶ್ಚಿತ್ತ ಹೇಳಿರಿ ಎಂದು ಕೇಳಿದೆ. ಚಪ್ಪಲಿ ಮೆಟ್ಟಿಕೊಳ್ಳುತ್ತ, "ನನ್ನ ಯಾಕ ಕೇಳ್ತಿ? ಒಳಗ ಅದಾಳಲ್ಲ, ಆಕಿನ್ನ ಕೇಳು," ಎಂದು ನಡೆದುಬಿಟ್ಟರು. ಕೇಳುವ ಧೈರ್ಯ ನನಗೆ ಬರಲಿಲ್ಲ.

ಅವಳು ಕೈ ಕೇಳಿದ್ದು ಸೊಸೆಯನ್ನು. ಶಾಲೆಗೆ ಹೊರಡುವ ಗಡಿಬಿಡಿಯಲ್ಲೂ ಸೊಸೆ ದಿನಾ ಮಿಂದು ಬಂದು, ಅತ್ತೆಯ ಅಂಗೈ ಕೆಳಗೆ ತನ್ನ ಅಂಗೈ ಒಡ್ಡಿ ಕೂಡುತ್ತಿದ್ದಳು. ನೀರು ತರುವುದು, ಬಟ್ಟಲು ತೊಳೆಯುವುದು ಎಲ್ಲ ಅವಳಿಗೇ ಹೋಯಿತು. ರಾತ್ರಿಯ ಗುಳಿಗೆಯೂ ಅವಳ ಕೈಯಿಂದಲೇ. ನಾನು ಪತ್ರಿ ಹರಿದು ತಂದರೆ ಹೆಂಡತಿ ಅದನ್ನು ಬಿಟ್ಟು ಬೇರೆ ತರಿಸುತ್ತಿದ್ದಳು. ನನ್ನ ಜೊತೆ ಮಾತು ಬಿಟ್ಟಿರಲಿಲ್ಲ. ಊಟಕ್ಕೆ ಕರೆಯುತ್ತಿದ್ದಳು, ಅಂಗಿ ಒಗೆದಿದೆಯೆಂದು ಹೇಳುತ್ತಿದ್ದಳು. ಪೂಜೆಯ ಕೋಣೆಗೆ ಮಾತ್ರ ನನಗೆ ಬಾಗಿಲಿರಲಿಲ್ಲ. ಅವಳ ಮುಖಕ್ಕೆ ನಿಧಾನವಾಗಿ ಮಾಂಸ ಹತ್ತಿತು, ನಿದ್ದೆ ಮರಳಿತು. ನಡುಕ ಇಳಿಯಿತು, ಆದರೆ ಪೂರ್ತಿ ನಿಲ್ಲಲಿಲ್ಲ.

ಮೊನ್ನೆ ಮಳೆಗಾಲದಲ್ಲಿ ಸೊಸೆ ತರಬೇತಿಗೆಂದು ಯಾದಗಿರಿಯಲ್ಲಿ ಉಳಿಯಬೇಕಾಯಿತು. ಬೆಳಗ್ಗೆ ಹೆಂಡತಿ ಒಬ್ಬಳೇ ಕೂತಿದ್ದಳು. ನಾನು ಕಟ್ಟೆಯ ಮೇಲಿದ್ದೆ. ಒಳಗಿನಿಂದ ಕರಡಿಗೆ ತೆಗೆದ ಸಪ್ಪಳ, ಮುಚ್ಚಿದ ಸಪ್ಪಳ, ಮತ್ತೆ ತೆಗೆದ ಸಪ್ಪಳ ಕೇಳಿತು. ಆಮೇಲೆ ಅವಳ ದನಿ.

"ಕೈ ತೊಳಕೊಂಡ್ ಬರ್ರಿ."

ತೊಳೆದುಕೊಂಡು ಹೋಗಿ ಎದುರಿಗೆ ಕೂತೆ. ಕೈ ಮುಂದೆ ಮಾಡಿದೆ. ಅವಳು ತಕ್ಷಣ ತನ್ನ ಕೈ ಇಡಲಿಲ್ಲ.

"ಬೆರಳ ಬಿಡಸ್ರಿ."

ಬಿಡಿಸಿದೆ. ನನ್ನ ಕೈಯನ್ನು ಕಣ್ಣಿನ ಹತ್ತಿರ ಎಳೆದುಕೊಂಡು, ಬೆರಳುಗಳ ಸಂದುಗಳಲ್ಲಿ, ಉಗುರುಗಳ ಕೆಳಗೆ, ಅಂಗೈ ತಿರುಗಿಸಿ ಹಿಂಭಾಗದಲ್ಲಿ, ಎಲ್ಲ ಕಡೆ ನೋಡಿದಳು. ಪೊರೆಯ ಕಣ್ಣಿಗೆ ಏನು ಕಂಡಿತೋ ಗೊತ್ತಿಲ್ಲ. ಹೆಬ್ಬೆರಳಿನಿಂದ ಒಮ್ಮೆ ತಿಕ್ಕಿಯೂ ನೋಡಿದಳು. ಆಮೇಲೆ ಅದರ ಮೇಲೆ ತನ್ನ ಅಂಗೈ ಇಟ್ಟು, ಲಿಂಗ ತೆಗೆದಳು.

ಸೊಸೆ ತರಬೇತಿ ಮುಗಿಸಿ ಬಂದ ಮೇಲೂ ನನ್ನನ್ನೇ ಕರೆಯುತ್ತಾಳೆ. ಮೊದಲು ನೋಡುತ್ತಾಳೆ, ಆಮೇಲೆ ಇಡುತ್ತಾಳೆ. ಒಂದು ದಿನವೂ ನೋಡದೆ ಇಟ್ಟಿಲ್ಲ. ನಾನು ಈಗ ಅವಳು ಹೇಳುವ ಮೊದಲೇ ಬೆರಳು ಬಿಡಿಸುತ್ತೇನೆ.